ಬಷೀರನ ಹಳದಿ ಗಿಲಕಿ

ಇಲ್ಲ... ಇದು ಸುಳ್ಳಾಗಲಿ...
ಕಾರ್ಡನ್ನ ಮೂರು ಸಲ ಓದಿದೆ.
ನಮ್ಮ ಚನ್ನಪಟ್ಟಣದ ಬಷೀರ ಹೋಗ್ಬುಟ್ಟ.

ಕ್ಲೋಸ್‌ಪೇಟೆ, ಮಾಗಡಿ, ಕಾನಕಾನಹಳ್ಳಿ ಕಡೆಯಿಂದ ಬಂದು ಕೆಮಿಸ್ಟ್ರಿ ಓದಿದ ಗೆಳೆಯರೇ,
ಇದನ್ನ ಕಾಲೇಜಿನ ಲ್ಯಾಬ್ ಬೋರ್ಡಿಗೆ ಅಂಟಿಸ್ತಾ ಇದೀನಿ. ಊರಲ್ಲಿರೋರಿಗೆ ನಕಲು ಬರೆದು ಅಂಚೆಗೆ ಹಾಕ್ತೀನಿ.
ನಾನು ಮಾಗಡಿ ಚಿಕ್ಕಣ್ಣ. ಈಗ ಇದೇ ಲ್ಯಾಬಲ್ಲಿ ಡೆಮಾನ್‌ಸ್ಟ್ರೇಟರು... ದೊಡ್ಡ ಮನುಷ್ಯ. ಥೂ!

ಬೆಳಿಗ್ಗೆ ಬಂದ ಕಾರ್ಡು ಅವರಪ್ಪಂದು. ಮೂರು ದಿನ ವಾಂತಿ, ಹೊಟ್ಟೆನೋವು... ಶುಕ್ರವಾರ ಮಣ್ಣು ಮಾಡಿದರಂತೆ.

ನಿಮಗೆಲ್ಲ ನೆನಪಿರಬೇಕು. ಬಷೀರ ಬೊಂಬೆ ಮಾಡೋರ ಮಗ. ಅವರ ಮನೇಲಿ ಬಣ್ಣ ಅರೆದು ಅರಗಿಗೆ ಸೇರಿಸೋ ಮುಂಚೆ ಒಂದು ಚಿಟಿಕೆ ಮುಂದಿನ ಹಲ್ಲಿಗಿಟ್ಟು ಕಡಿದು ನೋಡ್ತಾರೆ. ಕರಕರ ಅಂದ್ರೆ ಇನ್ನೂ ಅರೀಬೇಕು. ನುಣ್ಣಗಿದ್ರೆ ಸೈ.
ಆ ಚಾಳಿ ಇಲ್ಲಿಗೂ ಬಂತು. ಸೀಮೆಸುಣ್ಣ ಕಂಡ್ರೂ ಹಲ್ಲಿಗೆ... ಮೇಷ್ಟ್ರು ಕೊಟ್ಟ ಉಪ್ಪು ಕಂಡ್ರೂ ಹಲ್ಲಿಗೆ!
ಮೊಲೆ ಬಿಡಿಸೋ ಅಮ್ಮಂದಿರ ಹಾಗೆ ನಾವು ಅವನ ಬೆರಳಿಗೆ ಬೇವಿನ ಸೊಪ್ಪು ಅರೆದು ಬಳಿದಿದ್ವಿ. ಎಷ್ಟು ನಕ್ಕಿದ್ವಿ...

ಆಮೇಲೆ ಆ ದಿನ.
ಮೇಷ್ಟ್ರು ಕೊಟ್ಟ ಉಪ್ಪು ಕರಗಿಸಿದ ಟ್ಯೂಬಿಗೆ ಕೊಳೆತ ಮೊಟ್ಟೆ ನಾತದ ಗ್ಯಾಸ್ ಬಿಟ್ವಿ. ತಳದಲ್ಲಿ ಹಳದಿ ಮಡ್ಡಿ ಕೂತಿತು.
ಬಷೀರ ಕುಣಿದ. "ಲೇ ಚಿಕ್ಕ, ಇದು ನಮ್ಮನೆ ಹಳದಿ ಕಣ್ಲಾ! ಹರಿದಾಳ!"
ಮೇಷ್ಟ್ರು ತಣ್ಣಗೆ ಅಂದ್ರು, "ಅದು ಆರ್ಸೆನಿಕ್ ಕಣಯ್ಯ. ಪಾಷಾಣ."
ಅವನ ಮುಖ ಬಿಳಿಚಿಕೊಂಡಿತು. ಸಾಯಂಕಾಲದ ರೈಲಿಗೇ ಊರಿಗೆ ಹೋದ.

ಅವರಪ್ಪ ನಂಬಲಿಲ್ಲ. "ನಮ್ಮಜ್ಜ ಇದನ್ನೇ ಕಡ್ಕೊಂಡು ಮೊಮ್ಮಕ್ಕಳ ಕಂಡ್ರು. ಹೋಗಲೇ" ಅಂದ್ರಂತೆ. ಹಲ್ಲಿಗಿಡದೆ ಬಣ್ಣ ಹಾಕಲ್ಲ, ಬೇರೆ ಹಳದಿ ಮುಟ್ಟಲ್ಲ ಅಂತ ಹಠ.
ಅವತ್ತಿಂದ ಬಷೀರ ಕಾಲೇಜು ಬುಟ್ಟ.
ನನಗೆ ಬರೆದಿದ್ದ: "ಅಬ್ಬಾ ಕಡಿಯೋದು ಬೇಡ, ತಂಗೀನೂ ಬೇಡ. ಬೇರೆ ಹಳದಿ ಸಿಗೋವರೆಗೂ ನಾನೇ ಕಡೀತೀನಿ."

ಏನ್ಲಾ ಬಷೀರ...
ಓದಿದೋನು ನೀನು. ಗೊತ್ತಿದ್ದೂ ಕಡಿದ್ಯಲ್ಲೋ...
ಹೋದ ವರ್ಷ ನಿನ್ನ ಅಂಗೈ ತುಂಬಾ ಆಣಿ ನೋಡಿ ಗೇಲಿ ಮಾಡಿದ್ದೆ. "ಗೌಡನ ಮಗ ನಾನು, ಗುದ್ದಲಿ ಹಿಡಿದೋನು. ನನಗಿಲ್ಲದ ಆಣಿ ನಿಂಗ್ಯಾಕ್ಲಾ?"
ನೀನು ನಕ್ಕು ಕೈ ಜೇಬಿಗಿಟ್ಕೊಂಡೆ.
ಅದು ಕೆಲಸದ ಆಣಿ ಅಲ್ಲ, ಪಾಷಾಣದ್ದು ಅಂತ ಇವತ್ತು ಪುಸ್ತಕ ತೆಗೆದು ಓದಿದೆ. ಇವತ್ತು!

ಎರಡು ತಿಂಗಳ ಹಿಂದೆ ನನ್ನ ಮಗೂಗೆ ಅಂತ ನೀನು ಒಂದು ಹಳದಿ ಗಿಲಕಿ ಕಳಿಸಿದೆ, ಜೊತೆಗೊಂದು ಚೀಟಿ:
"ಮುತ್ತುಗದ ಹೂ ಕುದಿಸಿ ಪಟಿಕ ಹಾಕಿ ಇಳಿಸಿದ ಬಣ್ಣ. ಬಿಸಿಲಿಗೂ ಬಿಡಲ್ಲ. ಮಗು ಬಾಯಿಗೆ ಹಾಕ್ಕೊಂಡ್ರೂ ಏನೂ ಆಗಲ್ಲ. ಆದ್ರೆ ನನ್ನ ಮಾತು ಅಬ್ಬಾ ಕೇಳಲ್ಲ. ನಿನ್ನ ಲ್ಯಾಬಲ್ಲಿ ಒಸಿ ಟೆಸ್ಟ್ ಮಾಡಿ, ವಿಷ ಇಲ್ಲ ಅಂತ ಒಂದೇ ಒಂದು ಸಾಲು ಬರೆದು ಕಳಿಸು. ಕಾಲೇಜಿನ ಕಾಗದ ಅಂದ್ರೆ ಕೇಳ್ತಾರೆ. ಹರಿದಾಳ ಅವತ್ತೇ ಬಿಸಾಕ್ತೀನಿ."

ಒಂದು ಸಾಲು ಗೆಳೆಯರೇ... ಒಂದು ಗಂಟೆ ಕೆಲಸ.
ನಾಳೆ ಮಾಡಿದರಾಯ್ತು ಅಂದೆ. ಪರೀಕ್ಷೆ ಮುಗೀಲಿ ಅಂದೆ.
ಗಿಲಕೀನ ಮಗೂಗೂ ಕೊಡಲಿಲ್ಲ. ಬೊಂಬೆ ಮಾಡೋನ ಮಾತು, ಯಾರಿಗೆ ಗೊತ್ತು ಅಂತ ಪೆಟ್ಟಿಗೇಲಿಟ್ಟೆ.

ಕಾರ್ಡಿನ ಕೊನೇಲಿ ಅವರಪ್ಪ ಬರೆಸಿದಾರೆ:
"ಕೊನೇ ದಿನಾನೂ ಕಾಲೇಜಿನ ಕಾಗದ ಬಂತಾ ಅಂತ ಕೇಳ್ತಿದ್ದ. ಯಾವ ಕಾಗದ ಅಪ್ಪಾ ಅದು?"

ಓದಿ ಎದ್ದು, ಪೆಟ್ಟಿಗೇಲಿದ್ದ ಗಿಲಕಿ ಹಿಡ್ಕೊಂಡು ಲ್ಯಾಬಿಗೆ ಓಡಿದೆ. ಗಿಲಕಿಯ ಹಳದಿ ಕೆರೆದೆ, ಆಸಿಡ್ಡಲ್ಲಿ ಕಾಯಿಸಿದೆ, ಅದೇ ಕೊಳೆತ ಮೊಟ್ಟೆ ಗ್ಯಾಸ್ ಬಿಟ್ಟೆ. ಕಾದೆ... ಕಾದೆ...
ಮಡ್ಡಿ ಕೂರಲಿಲ್ಲ. ಎರಡನೇ ಸಲ, ಮೂರನೇ ಸಲ ಮಾಡಿದೆ. ಕೂರಲಿಲ್ಲ.
ನೀನು ಗೆದ್ದಿದ್ದೆ ಕಣೋ ಬಷೀರ... ಎರಡು ತಿಂಗಳ ಹಿಂದೇನೇ ಗೆದ್ದಿದ್ದೆ.

ಮನೆಗೆ ಹೋಗಿ ಗಿಲಕಿ ತೊಳೆದು ಮಗಳ ಕೈಗೆ ಕೊಟ್ಟೆ. ನೇರ ಬಾಯಿಗೆ ಹಾಕ್ಕೊಂಡಳು. ಕಿತ್ಕೊಳ್ಳಲಿಲ್ಲ. ಅಲ್ಲೇ ಕೂತು ಅತ್ತೆ.

ನಾಳೆ ಮೊದಲನೇ ರೈಲಿಗೆ ಚನ್ನಪಟ್ಟಣಕ್ಕೆ ಹೋಗ್ತೀನಿ. ಬರೋರು ಸ್ಟೇಷನ್ನಿಗೆ ಬನ್ನಿ. ಅವನ ತಂಗಿ ಆ ಅರೆಯೋ ಕಲ್ಲಿನ ಮುಂದೆ ಕೂರೋಕೆ ಮುಂಚೆ ಈ ಕಾಗದ ಅವರಪ್ಪನ ಕೈಗೆ ಸೇರಬೇಕು:

"ಚನ್ನಪಟ್ಟಣದ ಬಷೀರ್ ತಯಾರಿಸಿದ ಹಳದಿ ಬಣ್ಣವನ್ನು ಮೂರು ಬಾರಿ ಪರೀಕ್ಷಿಸಿದ್ದೇನೆ. ಇದರಲ್ಲಿ ಪಾಷಾಣವಿಲ್ಲ.
ಚಿಕ್ಕಣ್ಣ, ಡೆಮಾನ್‌ಸ್ಟ್ರೇಟರ್."

ತಡವಾಯ್ತು ಕಣೋ...
ನಿನ್ನ ಅಲ್ಲಾ ನಿನ್ನನ್ನ ನೋವಿಲ್ಲದ ಕಡೆ ಮಲಗಿಸಲಿ.
ಹೋಗಿ ಬಾ ಬಷೀರ.