ನೆದರ ಹಿಡಿಯುವ ಗೆರೆ

ಕಳೆದ ಎಳ್ಳಮಾವಾಸ್ಯೆಯ ಮರುದಿನ ಬೆಳಿಗ್ಗೆ, ಸಿಂದಗಿ ತಾಲ್ಲೂಕಿನ ಯಂಕಂಚಿಯ ಒಂದು ಹೊಲದ ಕಣದಲ್ಲಿ, ನನ್ನ ಸೋದರಮಾವ ಶಂಕ್ರೆಪ್ಪನವರು ಬಿಳಿಯ ಗಾಲ್ಫ್ ಚೆಂಡಿನ ಮೇಲೆ ಕರಿ ಪೆನ್ನಿನಿಂದ ಒಂದು ಗೆರೆ ಎಳೆದರು. ಸ್ಥಳದಲ್ಲಿ ನಾನಿದ್ದೆ, ಮುದ್ದೇಬಿಹಾಳದಿಂದ ಬಂದಿದ್ದ ಹಾದಿಮನಿ ಮಾಸ್ತರರಿದ್ದರು, ಚಹಾ ತಂದ ಅವರ ಹೆಂಡತಿ ನೀಲವ್ವ ಅತ್ತಿ ಇದ್ದರು. ಯಾವುದೇ ಅನಾಹುತ ವರದಿಯಾಗಲಿಲ್ಲ.

ಹೀಗೆ ಬರೆಯುವುದು ನನ್ನ ಚಟ. ನಾನು ಇಂಡಿಯಿಂದ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುವವನು. ನಿಂಬೆಯ ದರ, ಕಬ್ಬಿನ ಲಾರಿ, ಕಾಲುವೆಯ ನೀರು, ತಾಲ್ಲೂಕು ಪಂಚಾಯಿತಿಯ ಸಭೆ ಇವೇ ನನ್ನ ನಿತ್ಯದ ಸರಕು. ಯಾರು, ಎಲ್ಲಿ, ಯಾವಾಗ ಎಂಬುದನ್ನು ಮೊದಲು ಹೇಳು; ಯಾಕೆ ಎಂಬುದು ಗೊತ್ತಾಗದಿದ್ದರೆ ‘ಕಾರಣ ತಿಳಿದುಬಂದಿಲ್ಲ’ ಎಂದು ಬರೆದು ಊಟಕ್ಕೆ ಹೋಗು ಎಂದು ಈ ಕಸುಬು ನನಗೆ ಕಲಿಸಿದೆ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ನಾನು ಇದೇ ಕ್ರಮದಲ್ಲಿ ಹೇಳುತ್ತೇನೆ ಎಂಬ ಆರೋಪವಿದೆ. ಅದನ್ನು ನಾನು ನಿರಾಕರಿಸಿಲ್ಲ.

ಆದರೆ ಯಂಕಂಚಿಯಲ್ಲಿ ಗಾಲ್ಫ್ ಯಾಕೆ ಎಂಬುದಕ್ಕೆ ಕಾರಣ ತಿಳಿದುಬಂದಿದೆ. ಮಾಮಾ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಉತ್ತರದ ಯಾವುದೋ ದಂಡಿನ ಊರಿನಲ್ಲಿ ಸಾಹೇಬರ ಜೊತೆ ಆಡಲು ಒಬ್ಬ ಆಳು ಕಡಿಮೆ ಬಿದ್ದಾಗ ಇವರ ಕೈಗೆ ಕೋಲು ಬಂತು. ಆಮೇಲೆ ಅದು ಕೈ ಬಿಡಲಿಲ್ಲ. ಆ ಊರಿನಲ್ಲಿ ನೀರಿಲ್ಲದ್ದರಿಂದ ಹಸಿರು ಹುಲ್ಲೂ ಇರಲಿಲ್ಲವಂತೆ. ಕುಳಿಯ ಸುತ್ತ ಮರಳಿಗೆ ಎಣ್ಣೆ ಬೆರೆಸಿ, ಉಜ್ಜಿ, ಕಂದು ಬಣ್ಣದ ಅಂಗಳ ಮಾಡಿದ್ದರು. ನಿವೃತ್ತರಾಗಿ ಊರಿಗೆ ಬಂದ ಮಾಮಾ ತಮ್ಮ ಹೊಲದ ಕಣವನ್ನು ನೋಡಿದರು. ಕಲ್ಲಿನ ರೂಲು ಉರುಳಿಸಿ ಗಟ್ಟಿ ಮಾಡಿದ, ಸಗಣಿ ಸಾರಿಸಿದ, ಗುಂಡಗಿನ, ನುಣ್ಣಗಿನ ಕಣ. ರಾಶಿ ಮಾಡುವ ಮಷೀನು ಬಂದ ಮೇಲೆ ಅದು ಕೆಲಸವಿಲ್ಲದೆ ಬಿಸಿಲು ಕಾಯುತ್ತ ಬಿದ್ದಿತ್ತು. ನಡುವಿನ ಮೇಟಿ ಕಂಬಕ್ಕೆ ಮಾಮಾ ಒಂದು ಕೆಂಪು ಬಟ್ಟೆ ಕಟ್ಟಿದರು, ಅದರ ಬುಡದಲ್ಲಿ ಕುಳಿಗೆಂದು ಡಾಲ್ಡಾ ಡಬ್ಬಿಯೊಂದನ್ನು ಹೂತರು. ಆಟದ ಮೈದಾನ ಸಿದ್ಧವಾಯಿತು.

ಗಾಲ್ಫಿನಲ್ಲಿ ದೂರ ಹೊಡೆಯುವ ಭಾಗವೊಂದಿದೆ. ಅದನ್ನು ನಾವು ಆಡುವುದಿಲ್ಲ. ಆಡಿದರೆ ಅದು ಪಕ್ಕದವರ ಹೊಲದ ಮೇಲಿನ ದಾಳಿ ಎನಿಸಿಕೊಳ್ಳುತ್ತದೆ. ಚೆಂಡನ್ನು ನೆಲದ ಮೇಲೆ ಮೆಲ್ಲಗೆ ಉರುಳಿಸಿ ಕುಳಿಗೆ ಬೀಳಿಸುವ ಕೊನೆಯ ಭಾಗವಿದೆಯಲ್ಲ, ಪಟ್ ಎನ್ನುತ್ತಾರೆ, ನಮ್ಮದು ಅಷ್ಟೇ. ಊರವರು ಇದನ್ನು ‘ಸುಬೇದಾರರ ಗೋಲಿ ಆಟ’ ಎನ್ನುತ್ತಾರೆ. ತಪ್ಪೇನಿಲ್ಲ. ನಮ್ಮ ಕಡೆ ಕುಳಿಗೆ ಕುಣಿ ಎನ್ನುತ್ತೇವೆ; ಕುಣಿಗೆ ಗುರಿಯಿಟ್ಟು ಬೆಳೆಯದವರು ಈ ಭಾಗದಲ್ಲಿ ಯಾರಿದ್ದಾರೆ?

ಗೆರೆಯ ವಿಚಾರ ತಂದವರು ಹಾದಿಮನಿ ಮಾಸ್ತರರು. ಮುದ್ದೇಬಿಹಾಳದ ಕಡೆಯ ಸಾಲೆಯೊಂದರಲ್ಲಿ ಆಟ ಕಲಿಸುತ್ತಿದ್ದ ಅವರು ಮೊಬೈಲಿನಲ್ಲಿ ದೊಡ್ಡ ಆಟಗಾರರನ್ನು ನೋಡಿ ನೋಡಿ, ಒಬ್ಬನೂ ಗೆರೆಯಿಲ್ಲದೆ ಆಡುವುದಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು. ವಿಧಾನ ಸರಳ. ಚೆಂಡಿನ ಮೇಲೆ ಒಂದು ನೇರ ಗೆರೆ ಎಳೆಯುವುದು. ಚೆಂಡಿನ ಹಿಂದೆ ಕುಕ್ಕುರಗಾಲಿನಲ್ಲಿ ಕೂತು, ಗೆರೆಯ ತುದಿ ಕುಣಿಯ ಕಡೆ ಇರುವಂತೆ ಚೆಂಡನ್ನು ತಿರುಗಿಸಿ ಇಡುವುದು. ಆಮೇಲೆ ಎದ್ದು, ಕುಣಿಯನ್ನು ಮರೆತು, ಗೆರೆ ಹೇಳಿದ ಕಡೆ ಹೊಡೆಯುವುದು. ಮಾಸ್ತರರ ಚೆಂಡಿಗೆ ಅಂಗಡಿಯಲ್ಲೇ ಮೂರು ಗೆರೆ ಹಾಕಿ ಕೊಟ್ಟಿದ್ದರು. ಅತ್ತಿಯ ತವರು ಬಸವನ ಬಾಗೇವಾಡಿ, ಅವರು ಚೆಂಡನ್ನು ತಿರುಗಿಸಿ ನೋಡಿ, “ಇದಕ್ಕ ವಿಭೂತಿ ಹಚ್ಚಿದವರು ಯಾರ್ರಿ?” ಎಂದು ಕೇಳಿದರು.

ಮಾಮಾನ ಗೆರೆ ನೋಡಿದಾಗ ಅತ್ತಿಯ ಅನುಮಾನ ಬೇರೆ ದಿಕ್ಕಿಗೆ ಹೋಯಿತು. “ಯಾಕ್ರಿ, ಚೆಂಡಿಗಿ ಕಾಡಿಗಿ ಹಚ್ಚಾಕತ್ತೀರಿ? ಅದಕ್ಕೂ ನೆದರ ಆಗ್ತೈತೇನು?”

“ನೆದರ ಆಗಬಾರ್ದಂತ ಅಲ್ರಿ ಅಕ್ಕಾರ,” ಎಂದರು ಮಾಸ್ತರರು. “ನೆದರ ಹಿಡ್ಯಾಕ.”

“ಹಿಡ್ಯಾಕ ಒಂದ ಗೆರಿ, ಬಿಡಸಾಕ ಒಂದ ಗೆರಿ. ಹಂಗಾರ ಎರಡ ಎಳೀರಿ.”

ನೆದರ ಎಂಬ ಮಾತನ್ನು ದಕ್ಷಿಣದ ಓದುಗರಿಗೆ ಬಿಡಿಸಿ ಹೇಳಬೇಕು. ಮೂಲ ನಜರ್ ಇರಬೇಕು. ನಮ್ಮ ಬಾಯಲ್ಲಿ ಅದು ನೆದರವಾಗಿ ಮನೆಯದೇ ಆಗಿದೆ. ಅದಕ್ಕೆ ನೋಟ ಎಂಬ ಅರ್ಥವೂ ಇದೆ, ಕೆಟ್ಟ ಕಣ್ಣು ಎಂಬ ಅರ್ಥವೂ ಇದೆ. ಗುರಿಯಿಡುವವನು ನೆದರ ಹಿಡಿಯುತ್ತಾನೆ. ಚೆಂದದ ಕೂಸಿಗೆ ನೆದರ ಆಗುತ್ತದೆ. ನೋಡುವುದು ಮತ್ತು ಕೆಡಿಸುವುದು ಎರಡಕ್ಕೂ ಒಂದೇ ಪದ ಇಟ್ಟುಕೊಂಡ ನಾಡಿನಲ್ಲಿ ಪತ್ರಕರ್ತನಾಗಿ ಬದುಕುವುದು ಸುಲಭವಲ್ಲ ಎಂದಷ್ಟೇ ಇಲ್ಲಿ ದಾಖಲಿಸುತ್ತೇನೆ.

ನೇರ ಗೆರೆಯ ಬಗ್ಗೆ ಮನುಷ್ಯನಿಗೆ ಇರುವ ಮೋಹ ಹಳೆಯದು. ಗೌಂಡಿ ಗೋಡೆ ಎಬ್ಬಿಸುವ ಮುಂಚೆ ದಾರ ಕಟ್ಟುತ್ತಾನೆ. ಸಿಂಪಿಗ ಕತ್ತರಿ ಆಡಿಸುವ ಮುಂಚೆ ಸುಣ್ಣದ ಕಡ್ಡಿಯಿಂದ ಗೀಚುತ್ತಾನೆ. ಕೂರಿಗೆ ಹಿಡಿದು ಬಿತ್ತುವವನು ಮಾತ್ರ ನೆಲದ ಮೇಲೆ ಏನೂ ಎಳೆಯುವುದಿಲ್ಲ. ಹೊಲದ ಆ ತುದಿಯ ಬನ್ನಿಗಿಡದ ಮೇಲೆ ಕಣ್ಣಿಟ್ಟು ಎತ್ತು ಹೊಡೆಯುತ್ತಾನೆ, ಹಿಂದೆ ಸಾಲು ತಾನೇ ನೆಟ್ಟಗೆ ಬೀಳುತ್ತದೆ. ಕಾಲ ಬುಡ ನೋಡಿಕೊಂಡು ಬಿತ್ತಿದವನ ಹೊಲ ನಾಗರಹಾವು ಹರಿದಂತೆ ಇರುತ್ತದೆ. ಹಾಗಾದರೆ ಗಾಲ್ಫಿನ ಗೆರೆ ಗೌಂಡಿಯ ದಾರವೋ, ಬಿತ್ತುವವನ ಬನ್ನಿಗಿಡವೋ? ನಾನು ಇದನ್ನು ಬಹಳ ಯೋಚಿಸಿದ್ದೇನೆ. ಆಟ ಬಾರದವರಿಗೆ ಆಟದ ಬಗ್ಗೆ ಯೋಚಿಸಲು ಸಮಯ ಸಿಗುತ್ತದೆ.

ನನ್ನ ಅನುಭವ ಹೀಗಿದೆ. ಗೆರೆ ಎಳೆದ ಮೊದಲ ದಿನ ಅದನ್ನು ಕುಣಿಗೆ ಸರಿಯಾಗಿ ಹಚ್ಚಿದೆ, ಅಂದರೆ ಕುಣಿಗೆ ನೇರ ಮಾಡಿ ಇಟ್ಟೆ. ಎದ್ದು ನಿಂತೆ. ಗೆರೆಯನ್ನೇ ನೋಡಿದೆ. ಎಷ್ಟು ನೋಡಿದೆನೆಂದರೆ ಎಷ್ಟು ಜೋರಾಗಿ ಹೊಡೆಯಬೇಕು ಎಂಬುದನ್ನೇ ಮರೆತೆ. ಚೆಂಡು ಗೆರೆ ತಪ್ಪದೆ ಕುಣಿಯ ಮೇಲೆ ಹಾರಿ, ಕಣ ದಾಟಿ, ಕುಸುಬಿ ಹೊಲ ಸೇರಿತು. ಕುಸುಬಿ ಮುಳ್ಳಿನ ಬೆಳೆ. ಚೆಂಡು ಹುಡುಕಿ ತಂದಾಗ ನನ್ನ ಕೈಯ ಮೇಲೆ ಮಾಸ್ತರರ ಚೆಂಡಿಗಿಂತ ಹೆಚ್ಚು ಗೆರೆಗಳಿದ್ದವು.

“ಏ ಪೇಪರಪ್ಪ,” ಎಂದರು ಮಾಮಾ. ನನ್ನನ್ನು ಅವರು ಕರೆಯುವುದೇ ಹಾಗೆ. “ಸುದ್ದಿ ಒಳಪುಟದ್ದು, ಜೋರ ಮುಖಪುಟದ್ದು. ಹಂಗ ಹೊಡದರ ಹೆಂಗೋ?”

ಆದರೂ ಗೆರೆಯ ಒಂದು ಗುಣವನ್ನು ನಾನು ಮೆಚ್ಚಿದೆ. ಅದು ಗುರಿಗೆ ಸಹಾಯ ಮಾಡುವುದಕ್ಕಿಂತ ಹೆಚ್ಚಾಗಿ ಸಾಕ್ಷಿ ಹೇಳುತ್ತದೆ. ಹೊಡೆತ ನೇರವಾಗಿದ್ದರೆ ಉರುಳುವ ಚೆಂಡಿನ ಮೇಲೆ ಗೆರೆ ಅಲುಗದೆ ಒಂದೇ ಪಟ್ಟಿಯಂತೆ ನಿಂತಿರುತ್ತದೆ. ಕೈ ಸ್ವಲ್ಪ ಸೊಟ್ಟಾದರೂ ಗೆರೆ ಕುಡಿದವನ ಹಾಗೆ ಓಲಾಡುತ್ತದೆ. ಗೆರೆಯಿಲ್ಲದ ಚೆಂಡು ತಪ್ಪಿದರೆ ನೆಲ, ಗಾಳಿ, ಹೆಂಡತಿ, ಯಾರನ್ನಾದರೂ ದೂರಬಹುದು. ಗೆರೆಯಿದ್ದ ಚೆಂಡು ವರದಿಗಾರನ ಹಾಗೆ. ಅದರ ಎದುರು ಯಾರ ಆಟವೂ ನಡೆಯುವುದಿಲ್ಲ.

ಈ ಗುಣದಿಂದಲೇ ಮಾಮಾನ ವಿಷಯ ನನ್ನ ಗಮನಕ್ಕೆ ಬಂತು. ಗೆರೆ ಬರುವ ಮುಂಚೆ ಅವರು ನಮ್ಮಿಬ್ಬರನ್ನೂ ಸೋಲಿಸುತ್ತಿದ್ದರು. ಚೆಂಡಿನಿಂದ ಕುಣಿಯವರೆಗೆ ಒಮ್ಮೆ ನಡೆದುಹೋಗಿ ವಾಪಸು ಬಂದು, ಹೆಚ್ಚು ನೋಡದೆ ಹೊಡೆದುಬಿಡುತ್ತಿದ್ದರು. ಕಾಲು ಅಳೆದದ್ದನ್ನು ಕೈ ಕೇಳುತ್ತಿತ್ತು. ಗೆರೆ ಬಂದ ಮೇಲೆ ಚೆಂಡಿನ ಹಿಂದೆ ಕೂತು, ಬಂದೂಕಿನ ಅಭ್ಯಾಸದಂತೆ ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗೆರೆ ಹಚ್ಚಿ ಹೊಡೆಯತೊಡಗಿದರು. ಚೆಂಡು ಪ್ರತಿ ಸಲವೂ ಕುಣಿಯ ಎಡಕ್ಕೆ ಹೋಯಿತು. ಒಂದು ಗೇಣು ಎಡಕ್ಕೆ. ಬಲಕ್ಕೆ ಒಮ್ಮೆಯೂ ಇಲ್ಲ.

ಮೊದಲು ಅವರು ಕಣವನ್ನು ದೂರಿದರು. ಸಾರಿಸಿದ್ದು ಒಂದು ಕಡೆ ತಗ್ಗಾಗಿದೆ ಎಂದರು.

“ಹೌದ್ರಿ?” ಎಂದರು ಅತ್ತಿ. “ನಾ ಸಾರಿಸಿದ ಕಣದಾಗ ನಿಮ್ಮಪ್ಪಾರು ಇರೂತನಾ ರಾಶಿ ಮಾಡ್ಯಾರ. ಒಂದ ಕಾಳ ಎಡಕ್ಕ ಉರಳಿದ್ದಿಲ್ಲ. ಈಗ ನಿಮ್ಮ ಚೆಂಡಿಗಿ ಅಷ್ಟ ಎಡಗಡೆ ತಗ್ಗ ಬಂತು!”

ಆಮೇಲೆ ಕೋಲನ್ನು ದೂರಿದರು. ಮಾಸ್ತರರ ಕೋಲು ತೆಗೆದುಕೊಂಡರು. ಚೆಂಡು ಎಡಕ್ಕೇ ಹೋಯಿತು. ಕೆಲವು ರವಿವಾರ ಕಳೆದವು. ಮಾಮಾ ನಗುವುದು ಕಡಿಮೆಯಾಯಿತು. ಹೊಡೆದ ಮೇಲೆ ತಮ್ಮ ಎರಡೂ ಕೈ ಮುಂದೆ ಚಾಚಿ ಬೆರಳು ನೋಡಿಕೊಳ್ಳುವುದನ್ನು ನಾನು ಕಂಡೆ.

ನನಗೆ ವಿಚಿತ್ರವೆನಿಸಿದ್ದು ಬೇರೆ. ಎಡಕ್ಕೆ ಹೋಗುವಾಗಲೂ ಅವರ ಚೆಂಡಿನ ಮೇಲಿನ ಗೆರೆ ಓಲಾಡುತ್ತಿರಲಿಲ್ಲ. ಹೊಡೆತ ನೆಟ್ಟಗಿತ್ತು. ಶಿವರಾತ್ರಿಯ ಮುಂದಿನ ರವಿವಾರ ಮಾಮಾ ಗೆರೆ ಹಚ್ಚಿ ಎದ್ದ ಮೇಲೆ, ಅವರು ಹೊಡೆಯುವ ಮುಂಚೆ ನಾನು ಅವರು ಕೂತ ಜಾಗದಲ್ಲೇ ಕೂತು ನೋಡಿದೆ. ಗೆರೆ ಕುಣಿಯ ಕಡೆ ಇರಲಿಲ್ಲ.

“ಮಾಮಾ, ಗೆರಿ ಕುಣಿಗಿ ಹಚ್ಚಿಲ್ರಿ.”

“ಹಚ್ಚೇನಲ್ಲೋ. ಎಡಗಡಿ ಕುಣಿಗಿ ಹಚ್ಚೇನಿ.”

“ಎಡಗಡಿ ಕುಣಿ ಅಂದ್ರ?”

“ಎರಡ ಅದಾವಲ್ಲ,” ಎಂದರು ಮಾಮಾ, ದಡ್ಡನಿಗೆ ಹೇಳುವವರ ಹಾಗೆ. “ಬಲಗಡೀದು ಮಸುಕ ಐತಿ. ಎಡಗಡೀದು ಸ್ವಚ್ಛ ಕಾಣ್ತೈತಿ. ಸ್ವಚ್ಛ ಇದ್ದದ್ದಕ್ಕ ಹೊಡೀತೇನಿ.”

ಮಾಸ್ತರರು ಜೋರಾಗಿ ನಕ್ಕರು. “ಸುಬೇದಾರ ಸಾಹೇಬ್ರ, ಡಬ್ಬಿ ಹುಗದವರು ನೀವ. ಎಷ್ಟ ಹುಗದೀರಿ?”

ಅತ್ತಿ ನಗಲಿಲ್ಲ. ಚಹಾದ ತಾಟನ್ನು ಕಟ್ಟೆಯ ಮೇಲಿಟ್ಟರು. “ಮೊನ್ನಿ ಸಿಂದಗಿ ರಸ್ತಾದಾಗ ಎರಡ ಲಾರಿ ಬರಾಕತ್ತಾವು ಅಂತ ಗಾಡಿ ತೊಗರಿ ಹೊಲಕ್ಕ ಇಳಿಸಿದ್ರಿ. ನನಗ ಒಂದ ಕಂಡಿತ್ತು. ಹಿಂದ ಕುಂತಾಕಿ, ನನಗ ಕಡಿಮಿ ಕಂಡಿರಬೇಕು ಅಂತ ಸುಮ್ಮನಾದ್ನಿ.”

ವಾರಕ್ಕೆ ಎರಡು ಸಲ ಮಾಮಾನ ಬೈಕಿನ ಹಿಂದೆ ಕೂತು ಅತ್ತಿ ಸಿಂದಗಿ ಸಂತೆಗೆ, ಮೋರಟಗಿಯ ಬೀಗರ ಮನೆಗೆ ಹೋಗುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಆ ರಸ್ತೆಯ ಲಾರಿಗಳ ಬಗ್ಗೆ ನಾನೇ ಎಷ್ಟೋ ಸುದ್ದಿ ಬರೆದಿದ್ದೇನೆ. ಇಲ್ಲದ ಲಾರಿಗೆ ದಾರಿ ಬಿಟ್ಟವರು, ಇದ್ದ ಲಾರಿಯ ಎದುರು ಯಾವತ್ತು ಹೋಗುತ್ತಾರೋ.

“ಬಿಸಿಲಿಗಿ ಎಲ್ಲಾರಿಗೂ ಹಂಗ ಕಾಣ್ತೈತಿ,” ಎಂದರು ಮಾಮಾ.

“ಈಗ ಎಂಟು ಹೊಡದೈತ್ರಿ. ಬಿಸಿಲೆಲ್ಲಿ ಐತಿ?” ಎಂದರು ಅತ್ತಿ. “ನಾಳಿ ದವಾಖಾನಿಗಿ ನಡೀರಿ. ಇಲ್ಲಾಂದ್ರ ನಾ ಇನ್ನ ಆ ಗಾಡಿ ಹತ್ತೂದಿಲ್ಲ. ಬಾಗೇವಾಡಿಗಿ ಹೋಗೂದಿದ್ರೂ ಬಸ್ಸಿಗೆ ಹೋಗ್ತೇನಿ.”

ಮಾಮಾ ಕಟ್ಟೆಯ ಮೇಲೆ ಕೂತರು. ಗಡಿಯಲ್ಲಿ ಹಿಮದಲ್ಲಿ ಕಾವಲಿದ್ದವರು ದವಾಖಾನೆಗೆ ಹೋಗಲು ಯಾಕೆ ಅಂಜುತ್ತಾರೆ ಎಂಬುದು ಆಗ ಗೊತ್ತಾಯಿತು.

“ನಮ್ಮಪ್ಪಗ ಕೈ ನಡಗಾಕ ಹತ್ತಿದ ಮ್ಯಾಲ ನೀರಿನ ತಂಬಿಗಿ ಎತ್ತಾಕ ಆಗತಿದ್ದಿಲ್ಲ,” ಎಂದರು. “ಚೆಂಡ ಎಡಕ್ಕ ಹೋದಂಗೆಲ್ಲಾ, ನನ್ನ ಕೈನೂ ಹ್ವಾದು ಅಂತ ತಿಳಕೊಂಡೇನಿ. ಡಾಕ್ಟರ ಕಡೆ ಹೋದ್ರ ಅದನ್ನ ಹೇಳ್ತಾನ. ಕೇಳಿ ಏನ ಮಾಡ್ಲಿ?”

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಖಚಿತಪಡಿಸಿಕೊಳ್ಳಲು ಬರುತ್ತದೆ. ಚೆಂಡನ್ನು ಕಣದ ಅಂಚಿಗೆ ಒಯ್ದು ಇಟ್ಟೆ. ಹಿಂದೆ ಕೂತು ಗೆರೆಯನ್ನು ನಾನೇ ಡಬ್ಬಿಯ ನಡುಮಧ್ಯಕ್ಕೆ ಹಚ್ಚಿದೆ. ಮಾಸ್ತರರೂ ಕೂತು ನೋಡಿ ಹೌದೆಂದರು.

“ಬರ್ರಿ ಮಾಮಾ. ಕುಣಿ ನೋಡಬ್ಯಾಡ್ರಿ. ಗೆರಿ ಅಷ್ಟ ನೋಡಿ ಹೊಡೀರಿ.”

“ಗೆರಿ ಬಲಕ್ಕ ಐತಲ್ಲೋ.”

“ಇರ್ಲಿ ಬಿಡ್ರಿ. ಒಂದ ಸಲ ನನ್ನ ನೆದರ ನಂಬ್ರಿ.”

ಅವರು ಎದ್ದು ಬಂದು ಕೋಲು ಹಿಡಿದರು. ತಲೆ ಎತ್ತಲಿಲ್ಲ. ಚೆಂಡು ಹೊರಟಿತು. ಕರಿ ಗೆರೆ ಅದರ ಮೇಲೆ ಒಂದಿಷ್ಟೂ ಅಲುಗದೆ ನಿಂತಿತ್ತು. ಮೇಟಿಯ ಬುಡದಲ್ಲಿ ಡಬ್ಬಿ ಟಣ್ ಎಂದಿತು.

ಮಾಮಾ ಡಬ್ಬಿಯ ಕಡೆ ನೋಡಲಿಲ್ಲ. ಕೈಗಳನ್ನು ಚಾಚಿ, ಮಗುಚಿ, ತಿರುಗಿಸಿ ನೋಡಿಕೊಂಡರು. ಆಮೇಲೆ ಕೋಲನ್ನು ನನ್ನ ಕೈಗೆ ಕೊಟ್ಟರು.

“ಕೈ ಐತಿ,” ಎಂದರು. “ಕೆಟ್ಟದ್ದು ಕಣ್ಣ ಅಷ್ಟ ಅಂದ್ರ, ಅದಕ್ಕೇನ, ರಿಪೇರಿ ಮಾಡಸೂಣು. ನೀಲವ್ವ, ಮುಂಜಾನೆ ಬಸ್ಸ ಎಷ್ಟಕ್ಕ ಐತಿ?”

ಗೆರೆಯಿಂದ ಆಟ ಸುಧಾರಿಸುತ್ತದೆಯೇ ಎಂದು ನನ್ನನ್ನು ಈಗ ಯಾರಾದರೂ ಕೇಳಿದರೆ, ಗೊತ್ತಿಲ್ಲ ಎನ್ನುತ್ತೇನೆ. ಗುರಿ ತಪ್ಪಿದವರೆಲ್ಲ ಮೊದಲು ಅನುಮಾನಿಸುವುದು ಕೈಯನ್ನು. ಕೈ ಬಡಪಾಯಿ, ಕಣ್ಣು ಹೇಳಿದ್ದನ್ನು ಮಾಡುತ್ತದೆ. ಯಾರ ತಪ್ಪು ಎಲ್ಲಿದೆ ಎಂದು ಬೇರೆ ಮಾಡಿ ತೋರಿಸಲು ಎರಡರ ನಡುವೆ ಒಂದು ಗೆರೆ ಇದ್ದರೆ ಒಳ್ಳೆಯದು ಎಂಬಷ್ಟಕ್ಕೆ ನನ್ನ ಬಳಿ ಆಧಾರವಿದೆ.

ವಿಜಯಪುರದ ಡಾಕ್ಟರು ಬಲಗಣ್ಣಿನಲ್ಲಿ ಪೊರೆ ಬಲಿತಿದೆ, ಒಂದು ಎರಡಾಗಿ ಕಾಣುವುದು ಅದರಿಂದಲೇ, ಎಡಗಣ್ಣಿನಲ್ಲೂ ಶುರುವಾಗಿದೆ ಎಂದರು. ಬಲಗಣ್ಣಿನ ಆಪರೇಷನ್ ಕಳೆದ ವಾರ ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ನಾನು ಅಲ್ಲಿದ್ದೆ. ಮಾಮಾ ಎದುರಿಗಿದ್ದ ಅತ್ತಿಯನ್ನು ಬಹಳ ಹೊತ್ತು ನೋಡಿದರು.

“ನೀಲವ್ವ, ನಿನ್ನ ತಲಿ ಯಾವಾಗ ಇಷ್ಟ ಬೆಳ್ಳಗಾತು?”

“ನೀವು ಎರಡೆರಡ ನೋಡೂಮುಂದ ಆತ್ರಿ,” ಎಂದರು ಅತ್ತಿ. “ಅದರಾಗ ಸ್ವಚ್ಛ ಇದ್ದಾಕಿನ್ನ ಆರಿಸಿ ನೋಡಿರಬೇಕು.”

ಎಡಗಣ್ಣಿನ ಆಪರೇಷನ್ ಮುಂದಿನ ತಿಂಗಳು. ಅಲ್ಲಿಯವರೆಗೆ ಬೈಕಿನ ಕೀಲಿ ಅತ್ತಿಯ ಸೆರಗಿನ ಗಂಟಿನಲ್ಲಿದೆ.