ಥಳಿ ಹೊಡೆದ ನೆಲದ ಕಾವು

ನನ್ನ ಅಕ್ಷರ ಓರೆಕೋರೆ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು, ಮಾತುಗಳೂ ತಪ್ಪಿರಬಹುದು, ಕ್ಷಮಿಸಿ. ನನ್ನ ಚಿಗವ್ವ ದುರಗಮ್ಮನ ಬಗ್ಗೆ ಇದ್ದದ್ದನ್ನಷ್ಟೇ ಬರೆಯುತ್ತೇನೆ.

ಚಿಗವ್ವ ಶಿರವಾಳದಲ್ಲಿ ನೆಲದ ಕಾವು ಅಳೆಯುತ್ತಾಳೆ. ಭೂಮಿ ಹೊರಬಿಡುವ, ಕಣ್ಣಿಗೆ ಕಾಣದ ಕಾವನ್ನು ಉಪಗ್ರಹವೊಂದು ಮೇಲಿನಿಂದ ಅಳೆಯುತ್ತದೆಯಂತೆ. ಅದು ಸರಿಯೇ ಎಂದು ತಿಳಿಯಲು ಕೆಳಗೂ ಒಬ್ಬರು ಅಳೆಯಬೇಕು. ಅದು ಹಾದುಹೋಗುವ ದಿನ ಬೆಳಿಗ್ಗೆ ಹತ್ತೂವರೆಗೆ, ಊರ ಹೊರಗಿನ ಬೀಳು ಹೊಲದಲ್ಲಿ, ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದಂಥ ಯಂತ್ರವನ್ನು ಚಿಗವ್ವ ನೆಲಕ್ಕೆ ಹಿಡಿಯುತ್ತಾಳೆ. ಅಂಕಿಯನ್ನು ವಹಿಯಲ್ಲಿ ಬರೆಯುತ್ತಾಳೆ.

"ದುರಗವ್ವ, ಭೂಮಿತಾಯಿಗೆ ಇವತ್ತ ಜ್ವರ ಎಷ್ಟದವಾ?" ಎಂದು ನೆರೆಮನೆಯ ಚಂದಮ್ಮ ಕಾಡುತ್ತಿದ್ದಳು.

"ನಿನ್ನ ನಾಲಿಗಿಗಿಂತ ಕಡಿಮಿ ಅದ."

ಮೊನ್ನೆ ಗುರುವಾರ ಶಹಾಪುರದಿಂದ ಶಾಂತಕುಮಾರ ಸರ್ ಬಂದರು. ಈ ಕೆಲಸ ಕೊಟ್ಟವರು ಅವರೇ.

"ನಾಕ ತಿಂಗಳಿಂದ ನಿಮ್ಮ ಅಂಕಿ ಉಪಗ್ರಹದ್ದಕ್ಕಿಂತ ಹತ್ತು ಡಿಗ್ರಿ ಕಮ್ಮಿ ಅದ. ಮನ್ಯಾಗ ಕುಂತು ಬರೀತೀರೇನು?"

"ಸುಳ್ಳ ಬರೆದಿದ್ರ ನನ್ನ ಕೈ ಬಿದ್ದು ಹೋಗ್ಲಿರಿ ಸಾಹೇಬ್ರ. ಒಂದಿನಾ ತಪ್ಪಿಸಿಲ್ಲ."

"ಹಂಗಾದ್ರ ಉಪಗ್ರಹ ಸುಳ್ಳ ಹೇಳ್ತದೇನು? ಸೋಮವಾರ ಬಂದು ಮಷೀನ್ ಒಯ್ತೀನಿ."

ಕಾರಣ ನನಗೆ ಆಗಲೇ ಹೊಳೆಯಿತು. ಅಳೆಯುವ ಮುನ್ನ ಚಿಗವ್ವ ಆ ಜಾಗವನ್ನು ಗುಡಿಸಿ, ಮನೆ ಅಂಗಳಕ್ಕೆ ಹೊಡೆಯುವಂತೆ ಸಗಣಿ ನೀರಿನ ಥಳಿ ಹೊಡೆಯುತ್ತಾಳೆ. ಹಸಿ ನೆಲ ತಂಪಾಗದೆ ಇರುತ್ತದೆಯೇ? ಉಪಗ್ರಹಕ್ಕೆ ಆ ಚಿಕ್ಕ ಜಾಗ ಬೇರೆಯಾಗಿ ಕಾಣದು. ಅದು ಇಡೀ ಹೊಲದ ಕಾವನ್ನು ಒಟ್ಟಿಗೆ ನೋಡುತ್ತದೆ. ಸರ್ ಮುಂದೆ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಅವರು ಹೋದ ಮೇಲೆ ಚಿಗವ್ವನಿಗೆ ಹೇಳಿದೆ. ಅವಳ ಮುಖ ಇಳಿಯಿತು.

"ಮ್ಯಾಲಿಂದ ಒಬ್ರು ನೋಡ್ತಾರಂದ್ರ ಹೊಲಸ ನೆಲಾ ತೋರಸ್ಲೇನ ಮಗಳ?"

"ಸರ್‌ಗೆ ಹೇಳೂಣ ಚಿಗವ್ವ."

"ಬ್ಯಾಡ. ನಗ್ತಾರ. ನಾಕ ತಿಂಗಳದ್ದೆಲ್ಲಾ ಹಾಳ ಮಾಡ್ಯಾಳ ಅಂತಾರ."

ಎರಡು ದಿನದಿಂದ ಅವಳು ಸರಿಯಾಗಿ ಉಂಡಿಲ್ಲ. ವಹಿ ತೆರೆದು, ತಾನು ಬರೆದ ಅಂಕಿಗಳ ಮೇಲೆ ಬೆರಳಾಡಿಸುತ್ತ ಕೂತಿರುತ್ತಾಳೆ. ಚಂದಮ್ಮ ಈಗ ಜ್ವರ ಕೇಳುವುದಿಲ್ಲ, ಮುಖ ತಿರುಗಿಸಿ ಹೋಗುತ್ತಾಳೆ. ಊರಲ್ಲಿ ಚಿಗವ್ವ ಸುಳ್ಳುಗಾತಿ ಎಂಬ ಮಾತು ಹಬ್ಬಿದೆ. ಆ ಅಂಕಿಗಳು ಕೆಲಸಕ್ಕೆ ಬಾರದಿರಬಹುದು, ಆದರೆ ಒಂದೂ ಸುಳ್ಳಲ್ಲ.

ನಾಳೆ ಭಾನುವಾರ ಹತ್ತೂವರೆಗೆ ನಾನೇ ಹೊಲಕ್ಕೆ ಹೋಗುತ್ತೇನೆ. ಥಳಿ ಹೊಡೆದು ಒಮ್ಮೆ, ಪಕ್ಕದ ಒಣ ಮಣ್ಣಿಗೆ ಒಮ್ಮೆ ಯಂತ್ರ ಹಿಡಿದು ಎರಡೂ ಅಂಕಿ ಬರೆದುಕೊಳ್ಳುತ್ತೇನೆ. ಚಿಗವ್ವ ಬೇಡವೆಂದರೂ ಸೋಮವಾರ ಆ ಚೀಟಿಯನ್ನು ಸರ್ ಕೈಗೆ ಕೊಡುತ್ತೇನೆ.