ಚಾಲಕರಿಗೂ ವಂದನೆ

ಶಿರಸಿಯ ಹೋಟೆಲೊಂದರಲ್ಲಿ ಮಗ ತಾಯಿಗೆ ಕೇಕು ತಿನ್ನಿಸುವ ವಿಡಿಯೋ ನಮ್ಮ ಕಡೆ ಫೋನಿನಿಂದ ಫೋನಿಗೆ ಓಡಾಡುತ್ತಿದೆ. ಕೆಳಗೆ ಕೈಮುಗಿದ ಚಿತ್ರಗಳು, ‘ಇಂಥ ಮಗ ಎಲ್ಲರಿಗೂ ಸಿಗಲಿ’ ಎಂಬ ಹಾರೈಕೆಗಳು. ಆ ತಾಯಿಯ ಪಕ್ಕದಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿರುವ ಮುದುಕಿ ನಾನು. ಯಾಕೆ ಹಾಗೆ ಕೂತಿದ್ದೆ ಎಂದು ಕೇಳಿದವರಿಗೆಲ್ಲ ಬೇರೆಬೇರೆಯಾಗಿ ಹೇಳುವ ತಾಳ್ಮೆ ನನಗಿಲ್ಲ. ಒಮ್ಮೆ ಬರೆದು ಮುಗಿಸುತ್ತೇನೆ.

ನಾವು ಮೂವರು ಸಿದ್ದಾಪುರದ ಒಂದೇ ಶಾಲೆಯಲ್ಲಿ ಕೆಲಸ ಮಾಡಿದವರು. ನಾನು ಮುಖ್ಯಾಧ್ಯಾಪಕಿ, ಒಬ್ಬಳು ಗಣಿತದವಳು, ಇನ್ನೊಬ್ಬಳು ಹಿಂದಿಯವಳು. ಗಣಿತದವಳ ಗಂಡ ತೀರಿಕೊಂಡಾಗ ಅಂಗಳದಲ್ಲಿ ನಿಂತ ಕಾರನ್ನು ಮಾರಿಬಿಡು ಎಂದು ಎಲ್ಲರೂ ಹೇಳಿದರು. “ಮಾರದೆಂತಕ್ಕೆ? ಆನೇ ಕಲೀತೆ” ಅಂದಳು. ತಾನೇ ಓಡಿಸಲು ಕಲಿತಳು. ಅಲ್ಲಿಂದೀಚೆಗೆ ಮದುವೆಗೆ, ಆಸ್ಪತ್ರೆಗೆ, ಪಿಂಚಣಿ ಕೆಲಸಕ್ಕೆ ನಾವು ಯಾರನ್ನೂ ‘ಕರೆದುಕೊಂಡು ಹೋಗ್ತೀರಾ’ ಎಂದು ಕೇಳಿಲ್ಲ. ಬೇಕೆಂದಾಗ ಹೊರಡುವುದು ಎಂಥ ಸುಖ ಎಂಬುದು ಜೀವನವಿಡೀ ಬೇರೆಯವರ ಅನುಕೂಲ ನೋಡಿ ಹೊರಟ ಹೆಂಗಸರಿಗೆ ಮಾತ್ರ ಗೊತ್ತು.

ಗಣಿತದವಳ ಹುಟ್ಟುಹಬ್ಬಕ್ಕೆ ಯಲ್ಲಾಪುರದ ಕಡೆ ಜಲಪಾತ ನೋಡಿ ಬರುವುದೆಂದಾಯಿತು. ವೇಳಾಪಟ್ಟಿ ನನ್ನದು: ತಿಂಡಿ ಮುಗಿಸಿ ಹೊರಡುವುದು, ಕಾನಸೂರಿನಲ್ಲಿ ಇಳಿದು ಕಾಲು ಸಡಿಲಿಸುವುದು, ಶಿರಸಿಯಲ್ಲಿ ಚಾ, ಮಧ್ಯಾಹ್ನದೊಳಗೆ ಯಲ್ಲಾಪುರ. ತಿರುವು ಬಂದಲ್ಲಿ ಹಾರ್ನ್ ಹೊಡೆದು, ಲಾರಿಗೆ ದಾರಿ ಬಿಟ್ಟು, ಅವಳು ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದ ಹಾಗೆಯೇ ಓಡಿಸುತ್ತಿದ್ದಳು, ಒಂದು ಹಂತವನ್ನೂ ಹಾರಿಸದೆ. ಹಿಂದಿಯವಳು ಮಾತ್ರ ಹಿಂದಿನ ಸೀಟಿನಲ್ಲಿ ಮತ್ತೆಮತ್ತೆ ಫೋನು ನೋಡುತ್ತಿದ್ದಳು.

“ಯಾರದೇ ಅದು ಅಷ್ಟೊತ್ತಿಂದ?” ಅಂದೆ.

“ಮೊಮ್ಮಗಳದ್ದು ಮಾರಾಯ್ತಿ. ನೀನು ಇನ್ನೂ ಹಾಜರಿ ತೆಗೆಯೋದು ಬಿಟ್ಟಿಲ್ಲೆ.”

ಸುಳ್ಳು. ಶಿರಸಿಯಲ್ಲಿ ನಾನು ಹೇಳಿದ ಚಾದಂಗಡಿ ಬೇಡವೆಂದು ಹಟ ಹಿಡಿದು ಅವಳು ನಮ್ಮನ್ನು ಒಂದು ಹೋಟೆಲಿನ ಮಹಡಿಗೆ ಹತ್ತಿಸಿದಳು. ಅಲ್ಲಿ ಬಲೂನು ಕಟ್ಟಿತ್ತು. ಶಿರಸಿಯಲ್ಲೇ ಇಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟಿರುವ ಗಣಿತದವಳ ಮಗ ನಿಂತಿದ್ದ. ಅವನೂ ನಮ್ಮ ಶಾಲೆಯಲ್ಲೇ ಓದಿದವನು, ಟೀಚರುಗಳಾದ ನಮ್ಮನ್ನು ಈಗಲೂ ‘ಅಕ್ಕೋರೆ’ ಎನ್ನುವವನು.

“ಆಯಿ, ಸರ್‌ಪ್ರೈಸ್!”

ತಾಯಿ ನಿಜವಾಗಿ ಹಿಗ್ಗಿದಳು. ಅದನ್ನು ನೆನೆದರೇ ನನಗೆ ಹೆಚ್ಚು ಸಿಟ್ಟು ಬರುವುದು. ಕೇಕು ಕೆಂಪು ಕಾರಿನ ಆಕಾರದ್ದು. ಅವಳ ಕೈಗೇ ಚೂರಿ ಕೊಟ್ಟರು.

“ಮೊದ್ಲು ಟಯರ್ ಕತ್ತರಿಸೇ, ಓಡಿ ಹೋದೀತು!” ಎಂದು ಹಿಂದಿಯವಳು ಕೂಗಿದಳು. ಪಕ್ಕದ ಟೇಬಲ್ಲಿನವರೂ ನಕ್ಕರು, ಚಪ್ಪಾಳೆ ತಟ್ಟಿದರು. ಹಿಂದಿಯವಳ ಫೋನು ವಿಡಿಯೋ ಹಿಡಿಯುತ್ತಲೇ ಇತ್ತು.

ಕೇಕು ತಿನ್ನಿಸಿ ಆದಮೇಲೆ ಮಗ ತಾಯಿಯ ಹೆಗಲ ಮೇಲೆ ಕೈ ಹಾಕಿದ. “ಆಯಿ, ಈ ವರ್ಷ ನಿಂಗೆ ಉಡುಗೊರೆ ಎಂತ ಗೊತ್ತಿದ್ದಾ? ಆರಾಮು! ಇನ್ನು ಗಾಡಿ ಓಡಿಸೋ ಕಷ್ಟ ನಿಂಗೆ ಬ್ಯಾಡ. ಎಲ್ಲಿಗೆ ಹೋಗ್ತೆ ಅಂದ್ರೂ ಫೋನ್ ಮಾಡು, ಡ್ರೈವರನ್ನ ಕಳಸ್ತೆ. ಎಲ್ಲಿ, ಚಾವಿ ಕೊಡು.”

ಅಂಗೈ ಚಾಚಿದ. ತರಗತಿಯಲ್ಲಿ ಮಕ್ಕಳ ಕಿಸೆಯಿಂದ ಗೋಲಿ ಹೊರತೆಗೆಸುವಾಗ ನಾವು ಚಾಚುತ್ತಿದ್ದ ಅಂಗೈಯೇ ಅದು.

ಜನ ಮತ್ತೆ ಚಪ್ಪಾಳೆ ತಟ್ಟಿದರು. ಅವಳು ಫೋನನ್ನು ನೋಡಿದಳು, ನನ್ನನ್ನು ನೋಡಿದಳು, ಚೀಲದಿಂದ ಚಾವಿ ತೆಗೆದು ಕೊಟ್ಟಳು.

ಕಳೆದ ತಿಂಗಳು ಗೇಟಿನ ಕಂಬಕ್ಕೆ ಕಾರು ಉಜ್ಜಿದ್ದು ನಿಜ. ಮಗನಿಗೆ ಭಯವಾಗಿದ್ದೂ ನಿಜವಿರಬಹುದು. ಮನೆಗೆ ಬಂದು ಕೂತು ಕೇಳಬಹುದಿತ್ತು. ಕೇಳಿದ್ದರೆ ಅವಳು ವಾದಿಸುತ್ತಿದ್ದಳು: ಕಣ್ಣು ತೋರಿಸಿಕೊಂಡು ಬಂದಿದ್ದೇನೆ, ಕತ್ತಲಾದ ಮೇಲೆ ಓಡಿಸುವುದಿಲ್ಲ, ಘಟ್ಟ ಇಳಿಯುವುದಿಲ್ಲ ಎನ್ನುತ್ತಿದ್ದಳು. ಅವಳು ವಾದಿಸಬಾರದೆಂದೇ ಇವನು ಕೇಕು ತಂದ. ನೆರೆದ ಜನರ ಮುಂದೆ, ಬಾಯಲ್ಲಿ ಸಿಹಿ ಇಟ್ಟು, ಕೈಯಿಂದ ಕಿತ್ತುಕೊಂಡ. ಇದಕ್ಕೆ ಪ್ರೀತಿ ಎಂಬ ಹೆಸರಿಟ್ಟು ಊರೆಲ್ಲ ಹಂಚಿದ.

ಚಾವಿ ಕಿಸೆಗೆ ಹಾಕಿಕೊಂಡ ಮೇಲೆ ಅವನಿಗೆ ತಮಾಷೆ ಹೊಳೆಯಿತು, ತಾಯಿಯ ಕಡೆ ತಿರುಗಿದ. “ಅಕ್ಕೋರೆ, ಕಾರ್ಯಕ್ರಮ ಮುಗೀತು, ವಂದನಾರ್ಪಣೆ ಒಂದು ಬಾಕಿ!”

ನಮ್ಮ ಶಾಲೆಯ ಎಲ್ಲ ಸಮಾರಂಭಗಳಲ್ಲೂ ವಂದನಾರ್ಪಣೆ ಗಣಿತದವಳದ್ದೇ ಆಗಿತ್ತು. ಆ ಶಬ್ದ ಕಿವಿಗೆ ಬಿದ್ದದ್ದೇ ಅವಳು ಅಭ್ಯಾಸಬಲದಿಂದ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ‘ಕೂತ್ಕೊಳೇ’ ಎಂದು ಸೆರಗು ಜಗ್ಗಿದೆ. ಕೂರಲಿಲ್ಲ.

“ಈ ಸಮಾರಂಭವನ್ನು ಏರ್ಪಡಿಸಿದ ನನ್ನ ಮಗನಿಗೆ ವಂದನೆಗಳು. ಗುಟ್ಟು ಕಾಪಾಡಿ ಸಹಕರಿಸಿದ ಹಿಂದಿ ಅಕ್ಕೋರಿಗೆ ವಂದನೆಗಳು. ಚಪ್ಪಾಳೆ ತಟ್ಟಿದ ಎಲ್ಲರಿಗೂ ವಂದನೆಗಳು.” ಶಾಲೆಯಲ್ಲಿ ಅತಿಥಿಗಳ ಕಾರು ಓಡಿಸಿಕೊಂಡು ಬಂದವರನ್ನು ಬೇರೆ ಯಾರೂ ನೆನೆಯುತ್ತಿರಲಿಲ್ಲ, ಅವಳು ಒಮ್ಮೆಯೂ ಬಿಟ್ಟಿರಲಿಲ್ಲ. “ಕೊನೆಯದಾಗಿ, ನಮ್ಮನ್ನು ಸಿದ್ದಾಪುರದಿಂದ ಇಲ್ಲಿಯವರೆಗೆ ಸುರಕ್ಷಿತವಾಗಿ ಕರೆತಂದ ಚಾಲಕರಿಗೂ ವಂದನೆಗಳು. ಅವರನ್ನು ಇನ್ನು ಮುಂದೆ ಕರೆಯುವುದಿಲ್ಲವಂತೆ. ಹಾಗೆ ಮಾಡಬಹುದೇ ಎಂದು ಅವರನ್ನು ಯಾರೂ ಕೇಳಿರಲಿಲ್ಲ.”

ಕೂತಳು. ಜನ ಇದಕ್ಕೂ ಚಪ್ಪಾಳೆ ತಟ್ಟಿದರು. ಮಗ ಮಾತಿನ ನಡುವೆಯೇ ಬಿಲ್ಲು ಕೊಡಲು ಹೊರಟುಹೋಗಿದ್ದ.

ಅವನು ತಿರುಗಿ ಬಂದು “ಬನ್ನಿ, ಯಲ್ಲಾಪುರಕ್ಕೆ ಆನೇ ಬಿಡ್ತೆ” ಅಂದ. ಹಿಂದಿಯವಳು ಹೋಗಿ ಮುಂದಿನ ಸೀಟಿನಲ್ಲಿ ಕೂತಳು. ನಾನು ಗಣಿತದವಳ ಕೈ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಯಲ್ಲಾಪುರಕ್ಕೆಂದು ಹೊರಟವರು ಯಲ್ಲಾಪುರ ಮುಟ್ಟಬೇಕು. ಬಸ್ಸಿನಲ್ಲಿ ಅವಳು ಡ್ರೈವರನ ಹಿಂದಿನ ಸೀಟು ಹಿಡಿದಳು. ತಿರುವು ಬಂದಾಗೆಲ್ಲ ಅವಳ ಎಡಗಾಲು ಚಪ್ಪಲಿಯೊಳಗೇ ಕ್ಲಚ್ ಒತ್ತುತ್ತಿತ್ತು. ಯಲ್ಲಾಪುರದಲ್ಲಿ ಚಾ ಕುಡಿದೆವು, ಮುಂದಿನ ಬಸ್ಸಿಗೆ ಹಿಂದಿರುಗಿದೆವು. ಜಲಪಾತ ನೋಡಲಿಲ್ಲ.

ವಿಡಿಯೋ ನನಗೂ ಬಂತು. ಚಾವಿ ಕೊಟ್ಟಲ್ಲಿಗೆ, ಚಪ್ಪಾಳೆಯ ನಡುವೆ ಮುಗಿಯುತ್ತದೆ. ಉಳಿದದ್ದು ಉದ್ದವಾಯಿತೆಂದು, ಪೂರ್ತಿ ನೋಡದೆ, ಮಗನೇ ಹಿಂದಿಯವಳಿಂದ ತೆಗೆಸಿದನಂತೆ. ಕೂಡಲೇ ಅವನಿಗೆ ಫೋನು ಮಾಡಿದೆ.

“ಆಯಿಗೆ ಬೇಜಾರಾಯ್ದಾ ಅಕ್ಕೋರೆ? ಆವತ್ತು ಎಂತದೂ ಹೇಳಿದ್ದೇ ಇಲ್ಲೆ.”

“ಹೇಳಿದ್ದಾಳೆ ತಮಾ. ಆ ಭಾಗವನ್ನೇ ನೀನು ಕತ್ತರಿಸಿ ಹಾಕಿದೀಯ. ಮೊದಲು ಅದನ್ನು ತರಿಸಿಕೊಂಡು ನೋಡು. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಬಸ್ಸಿಗೆ ಬರ್ತೇವೆ. ಚಾವಿ ಮೇಜಿನ ಮೇಲಿರಲಿ, ನಿನ್ನ ಕಿಸೆಯಲ್ಲಿ ಬೇಡ. ಕೂತು ಮಾತಾಡುವ. ಕೇಕು ಮಾತ್ರ ತರಿಸಬೇಡ.”